ವಿದ್ಯುಜ್ಜಾಲವನ್ನು ಕಾಯುವ ಬಗೆ

ವಿದ್ಯುಚ್ಛಕ್ತಿಯು ಈಗ ನಮ್ಮ ಮನೆಗಳಲ್ಲಿ ನೀರು ಬೆಂಕಿಗಳಷ್ಟೇ ಅವಶ್ಯವಾದ ಪದಾರ್ಥವಾಗಿದೆ. ಆದರೆ ಅದಕ್ಕೂ ಮನೆಯ ಇತರ ಪದಾರ್ಥಗಳಿಗೂ ಒಂದು ದೊಡ್ಡ ಭೇದವುಂಟು. ಅಕ್ಕಿಯನ್ನು ಕಣಜದಲ್ಲಿಯೂ ನೀರನ್ನು ಹಂಡೆಯಲ್ಲಿಯೂ ಸೌದೆಯನ್ನು ಕೊಟ್ಟಿಗೆಯಲ್ಲಿಯೂ ಕೂಡಿಟ್ಟು ಬೇಕಾದಾಗ ತೆಗೆದುಕೊಳ್ಳುವೆವು. ತಂತಿಯಲ್ಲಿ ಬರುವ ವಿದ್ಯುಚ್ಛಕ್ತಿಯಾದರೋ ಹುಟ್ಟಿದ ಕ್ಷಣದಲ್ಲಿಯೇ ವ್ಯಯವಾಗಬೇಕು. ವ್ಯಯವಾಗುವ ಕ್ಷಣದಲ್ಲಿಯೇ ಹುಟ್ಟಬೇಕು. ನಾವು ಸಂಜೆ ದೀಪದ ಗುಂಡಿಯನ್ನು ಒತ್ತಿದರೆ ನೂರಾರು ಮೈಲು ದೂರದಲ್ಲಿರುವ ಯಾವದೋ ಯಂತ್ರವು ಅಷ್ಟುಮಟ್ಟಿಗೆ ಹೆಚ್ಚಾಗಿ ದುಡಿಯಲೇಬೇಕು. ದುಡಿಯುವದಕ್ಕೂ ಬಳಸುವದಕ್ಕೂ ಇರುವ ಈ ಸಮತೂಕವು ಕೆಟ್ಟರೆ ಒಂದು ಮನೆಯ ದೀಪ ಮಾತ್ರವಲ್ಲ, ಒಂದು ರಾಜ್ಯದ ದೀಪಗಳೆಲ್ಲವೂ ಆರಿಹೋಗಬಹುದು.

ಹಾಗೆ ಕತ್ತಲೆ ಕವಿದರೆ ಆಗುವ ಕಷ್ಟವು ಅಲ್ಪವಾದದ್ದಲ್ಲ. ಆಸ್ಪತ್ರೆಯ ಉಸಿರಾಟದ ಯಂತ್ರಗಳು, ಲಸಿಕೆಗಳನ್ನಿಟ್ಟ ತಣ್ಣನೆಯ ಪೆಟ್ಟಿಗೆಗಳು, ಊರಿಗೆ ನೀರೇರಿಸುವ ಪಂಪುಗಳು, ರೈಲುಬಂಡಿಗಳು, ದೂರವಾಣಿ ಎಲ್ಲವೂ ಈ ಒಂದೇ ತಂತಿಯನ್ನು ನಂಬಿಕೊಂಡಿವೆ. ನಮ್ಮ ಪೂರ್ವ ವಿದ್ಯಾರ್ಥಿನಿಯರಲ್ಲಿ ದಾದಿಯರೂ ವೈದ್ಯೆಯರೂ ಆಗಿರುವವರು ಇದನ್ನು ನಮಗಿಂತ ಚೆನ್ನಾಗಿ ಬಲ್ಲರು.

ಕಲ್ಲಿದ್ದಲಿನ ಹೊಗೆಯನ್ನು ಕಡಿಮೆಮಾಡಬೇಕೆಂಬ ಉದ್ದೇಶದಿಂದ ಲೋಕದ ಎಲ್ಲಾ ದೇಶಗಳೂ ಸೂರ್ಯನ ಬೆಳಕಿನಿಂದಲೂ ಗಾಳಿಯಿಂದಲೂ ವಿದ್ಯುಚ್ಛಕ್ತಿಯನ್ನು ಪಡೆಯುವದಕ್ಕೆ ತೊಡಗಿವೆ. ೨೦೨೫ನೆಯ ಇಸವಿಯ ಜೂನ್ ತಿಂಗಳ ಹೊತ್ತಿಗೆ ಭಾರತದ ವಿದ್ಯುತ್ ಕೇಂದ್ರಗಳ ಒಟ್ಟು ಸಾಮರ್ಥ್ಯದಲ್ಲಿ ಅರ್ಧದಷ್ಟು ಕಲ್ಲಿದ್ದಲು, ಅನಿಲ, ಎಣ್ಣೆಗಳಲ್ಲದ ಮೂಲಗಳಿಂದ ಆದದ್ದಾಗಿತ್ತು. ಸಾಮರ್ಥ್ಯವು ಬೇರೆ, ನಿಜವಾಗಿ ದುಡಿದದ್ದು ಬೇರೆ ಎಂಬದನ್ನು ಇಲ್ಲಿ ಮರೆಯಬಾರದು. ಸೌರಫಲಕವು ರಾತ್ರಿಯಲ್ಲಿ ದುಡಿಯದು. ಗಾಳಿಯಂತ್ರವು ಗಾಳಿ ನಿಂತಾಗ ದುಡಿಯದು. ಆದದರಿಂದ ವರುಷವಿಡೀ ಬಳಸಿದ ಶಕ್ತಿಯನ್ನು ಲೆಕ್ಕಹಾಕಿದರೆ ಮೂರರಲ್ಲಿ ಎರಡು ಪಾಲಿಗೂ ಮಿಕ್ಕು ಈಗಲೂ ಕಲ್ಲಿದ್ದಲಿನಿಂದಲೇ ಬರುತ್ತದೆ.

ಈಗ ಅನೇಕರ ಮನಸ್ಸಿನಲ್ಲಿ ಒಂದು ಪ್ರಶ್ನೆಯುಂಟು. ಸೂರ್ಯನೂ ಗಾಳಿಯೂ ನಮ್ಮ ಅಪ್ಪಣೆಯಂತೆ ನಡೆಯತಕ್ಕವುಗಳಲ್ಲ. ಅವುಗಳನ್ನು ನಂಬಿದಷ್ಟೂ ಕತ್ತಲೆಯ ಭಯವು ಹೆಚ್ಚುವದಲ್ಲವೇ? ಈ ಪ್ರಶ್ನೆಗೆ ಹೌದೆಂದಾಗಲಿ ಅಲ್ಲವೆಂದಾಗಲಿ ಒಂದೇ ಮಾತಿನಲ್ಲಿ ಉತ್ತರ ಹೇಳಲಾಗದು. ಸಂಗತಿಯನ್ನು ಕ್ರಮವಾಗಿ ವಿಚಾರಿಸೋಣ.

೧. ಎಲ್ಲರೂ ಹಿಡಿಯಬೇಕಾದ ತಾಳ

ಅನೇಕ ವಿದ್ಯುತ್ ಕೇಂದ್ರಗಳನ್ನೂ ಅನೇಕ ಊರುಗಳನ್ನೂ ತಂತಿಗಳಿಂದ ಒಂದಕ್ಕೊಂದು ಹೆಣೆದದ್ದಕ್ಕೆ ವಿದ್ಯುಜ್ಜಾಲ ಅಥವಾ ಗ್ರಿಡ್ ಎಂದು ಹೆಸರು. ಇದರಲ್ಲಿ ಹರಿಯುವ ವಿದ್ಯುತ್ತು ಒಂದೇ ದಿಕ್ಕಿಗೆ ಹರಿಯದೆ ಹಿಂದಕ್ಕೂ ಮುಂದಕ್ಕೂ ತೂಗಾಡುವದು. ನಮ್ಮ ದೇಶದಲ್ಲಿ ಅದು ಸೆಕೆಂಡಿಗೆ ೫೦ ಸಾರಿ ತೂಗಾಡಬೇಕೆಂದು ಗೊತ್ತುಮಾಡಿದೆ. ಇದನ್ನು ಆವರ್ತನವೆನ್ನುವರು, ೫೦ ಹರ್ಟ್ಸ್ ಎಂದು ಬರೆಯುವರು.

ಗಾಯನವೃಂದದಲ್ಲಿ ಹುಡುಗಿಯರೆಲ್ಲರೂ ಒಂದೇ ತಾಳಕ್ಕೆ ಹಾಡುವಂತೆ, ಜಾಲಕ್ಕೆ ಸೇರಿದ ದೊಡ್ಡ ಜನರೇಟರುಗಳೆಲ್ಲವೂ ಈ ಒಂದೇ ತಾಳಕ್ಕೆ ತಿರುಗಬೇಕು. ಕಲ್ಲಿದ್ದಲಿನ ಕೇಂದ್ರದ ಸಾಮಾನ್ಯವಾದ ಆವಿಯಂತ್ರವು ನಿಮಿಷಕ್ಕೆ ೩,೦೦೦ ಸುತ್ತು ತಿರುಗುವದು ಈ ಕಾರಣದಿಂದಲೇ. ೫೦ನ್ನು ೬೦ರಿಂದ ಗುಣಿಸಿದರೆ ಆ ಸಂಖ್ಯೆಯೇ ಬರುವದು.

ಜನರು ಬಳಸುವ ಶಕ್ತಿಯು ಹೆಚ್ಚಿ, ಯಂತ್ರಗಳ ದುಡಿಮೆಯು ಅಷ್ಟಕ್ಕೆ ಸಾಲದೆಹೋದರೆ, ಹೊರೆ ಹೆಚ್ಚಾದ ಗಾಡಿಯಂತೆ ಯಂತ್ರಗಳೆಲ್ಲವೂ ಸ್ವಲ್ಪ ನಿಧಾನವಾಗುವವು. ಆವರ್ತನವು ೫೦ರಿಂದ ಕೆಳಗಿಳಿಯುವದು. ಬಳಕೆ ಕಡಿಮೆಯಾದರೆ ಯಂತ್ರಗಳ ವೇಗ ಹೆಚ್ಚಿ ಆವರ್ತನವು ಮೇಲೇರುವದು. ಭಾರತದ ನಿಯಮದ ಪ್ರಕಾರ ಅದು ೪೯.೯೦ಕ್ಕೂ ೫೦.೦೫ಕ್ಕೂ ನಡುವೆ ಇರಬೇಕು. ವೈದ್ಯರು ರೋಗಿಯ ನಾಡಿಯನ್ನು ಹಿಡಿದು ನೋಡುವಂತೆ, ಜಾಲದ ಕಾವಲುಗಾರರು ಹಗಲಿರುಳು ಈ ಒಂದು ಸಂಖ್ಯೆಯನ್ನು ನೋಡುತ್ತಿರುವರು. ಇಂಥ ಕಾವಲು ಕೇಂದ್ರಗಳಿಗೆ ಲೋಡ್ ಡಿಸ್ಪ್ಯಾಚ್ ಕೇಂದ್ರಗಳೆಂದು ಹೆಸರು. ಇಡೀ ದೇಶದ್ದು ದೆಹಲಿಯಲ್ಲಿಯೂ ದಕ್ಷಿಣದ ರಾಜ್ಯಗಳದ್ದು ಬೆಂಗಳೂರಿನಲ್ಲಿಯೂ ಇವೆ.

ಆವರ್ತನವು ತೀರ ಇಳಿದರೆ ದೊಡ್ಡ ಯಂತ್ರಗಳಿಗೇ ಅಪಾಯವುಂಟು. ಆದದರಿಂದ ಅವು ತಮ್ಮನ್ನು ಕಾಪಾಡಿಕೊಳ್ಳುವದಕ್ಕಾಗಿ ಜಾಲದಿಂದ ತಾವಾಗಿಯೇ ಕಡಿದುಕೊಳ್ಳುವವು. ಒಂದು ಕಡಿದುಕೊಂಡರೆ ಉಳಿದವುಗಳ ಮೇಲೆ ಹೊರೆ ಹೆಚ್ಚುವದು. ಆಗ ಮತ್ತೊಂದು, ಅದರ ಹಿಂದೆ ಇನ್ನೊಂದು ಹೀಗೆ ಸಾಲಾಗಿ ನಿಲ್ಲಿಸಿದ ಇಟ್ಟಿಗೆಗಳಂತೆ ಎಲ್ಲವೂ ಉರುಳುವವು. ಇದನ್ನೇ ಜಾಲದ ಕುಸಿತವೆನ್ನುವರು.

೨. ಬೀಸುವ ಕಲ್ಲಿನಿಂದ ಕಲಿಯತಕ್ಕದ್ದು

ಭಾರವಾದ ಬೀಸುವ ಕಲ್ಲನ್ನು ತಿರುಗಿಸುತ್ತಾ ಥಟ್ಟನೆ ಕೈಬಿಟ್ಟರೆ ಅದು ಆ ಕ್ಷಣವೇ ನಿಲ್ಲದು. ಇನ್ನೂ ಅಷ್ಟು ದೂರ ತಾನಾಗಿ ತಿರುಗಿ ನಿಲ್ಲುವದು. ಚಲಿಸುವ ವಸ್ತುವಿನ ಈ ಗುಣಕ್ಕೆ ಜಡತ್ವವೆಂದು ಹೆಸರು. ಆವಿಯಿಂದಲೋ ನೀರಿನಿಂದಲೋ ತಿರುಗುವ ಜನರೇಟರುಗಳು ನೂರಾರು ಟನ್ ತೂಕದ ಬೀಸುವ ಕಲ್ಲುಗಳಿದ್ದಂತೆ. ಎಲ್ಲಿಯಾದರೂ ಒಂದು ಕೇಂದ್ರವು ಹಠಾತ್ತಾಗಿ ನಿಂತರೆ, ಉಳಿದ ಯಂತ್ರಗಳು ತಮ್ಮ ಸುತ್ತಿನಲ್ಲಿ ತುಂಬಿಕೊಂಡಿರುವ ಶಕ್ತಿಯನ್ನು ಕೊಟ್ಟು ಆ ಕೊರತೆಯನ್ನು ಕೆಲವು ಸೆಕೆಂಡುಗಳ ತನಕ ತಾಳಿಕೊಳ್ಳುವವು. ಯಾರೂ ಗುಂಡಿಯೊತ್ತಬೇಕಾಗಿಲ್ಲ; ಇದು ಭೌತಶಾಸ್ತ್ರದ ನಿಯಮದಿಂದ ತಾನಾಗಿಯೇ ನಡೆಯುವದು. ಆ ಕೆಲವು ಸೆಕೆಂಡುಗಳು ಜಾಲಕ್ಕೆ ಬಹು ಬೆಲೆಯುಳ್ಳವುಗಳು. ಯಾಕಂದರೆ ಅಷ್ಟರಲ್ಲಿ ಇತರ ಕೇಂದ್ರಗಳ ವೇಗನಿಯಾಮಕಗಳು ಆವಿಯ ಬಾಯನ್ನೋ ನೀರಿನ ಬಾಯನ್ನೋ ಹೆಚ್ಚಾಗಿ ತೆರೆಯುವದಕ್ಕೆ ಅವಕಾಶ ಸಿಕ್ಕುವದು.

ಸೌರಫಲಕದಲ್ಲಿ ತಿರುಗುವಂಥದ್ದು ಯಾವದೂ ಇಲ್ಲ. ಅದು ಹುಟ್ಟಿಸುವ ವಿದ್ಯುತ್ತು ಒಂದೇ ದಿಕ್ಕಿಗೆ ಹರಿಯತಕ್ಕದ್ದು. ಅದನ್ನು ಜಾಲದ ತಾಳಕ್ಕೆ ಹೊಂದಿಸಿ ಕೊಡುವ ಉಪಕರಣಕ್ಕೆ ಇನ್‌ವರ್ಟರ್ ಎಂದು ಹೆಸರು. ಈ ಕಾಲದ ಗಾಳಿಯಂತ್ರಗಳಲ್ಲಿಯೂ ಬಹುಮಟ್ಟಿಗೆ ಇಂಥದೇ ಉಪಕರಣವು ಯಂತ್ರಕ್ಕೂ ಜಾಲಕ್ಕೂ ನಡುವೆ ನಿಂತಿರುವದು. ಸಾಮಾನ್ಯವಾದ ಇನ್‌ವರ್ಟರು ಜಾಲದಲ್ಲಿರುವ ತಾಳವನ್ನು ಕೇಳಿ ಹಿಂಬಾಲಿಸುವದೇ ಹೊರತು ತಾನೇ ತಾಳವನ್ನು ಹಿಡಿಯದು. ಹೀಗಿರಲಾಗಿ ಮಧ್ಯಾಹ್ನದಲ್ಲಿ ಸೌರಶಕ್ತಿಯು ಹೆಚ್ಚಿ, ಆವಿಯಂತ್ರಗಳನ್ನು ನಿಲ್ಲಿಸಿದರೆ, ಬೀಸುವ ಕಲ್ಲು ಹಗುರವಾದಂತಾಗುವದು. ಅದೇ ಕೊರತೆಗೆ ಆವರ್ತನವು ಮೊದಲಿಗಿಂತ ಬೇಗನೆ ಇಳಿಯುವದು. ಹೊಸ ಶಕ್ತಿಮೂಲಗಳಿಂದ ಜಾಲಕ್ಕೆ ಬಂದ ಮೊದಲನೆಯ ತೊಡಕು ಇದು.

ಎರಡನೆಯದು ಹೊತ್ತಿನ ತೊಡಕು. ಸೂರ್ಯನು ಇಳಿಯುವ ಸಮಯದಲ್ಲಿಯೇ ಮನೆಗಳಲ್ಲಿ ದೀಪ ಹಚ್ಚುವರು, ಅಡಿಗೆಮನೆಯ ಯಂತ್ರಗಳನ್ನು ನಡೆಸುವರು. ಒಂದು ಕಡೆಯಲ್ಲಿ ಸೌರಶಕ್ತಿಯು ಒಂದೆರಡು ತಾಸಿನೊಳಗೆ ಸೊನ್ನೆಗಿಳಿಯುತ್ತಿರಲು, ಇನ್ನೊಂದು ಕಡೆಯಲ್ಲಿ ಬೇಡಿಕೆಯು ಏರುತ್ತಿರುವದು. ಈ ಎರಡರ ನಡುವಣ ಕಂದರವನ್ನು ಬೇರೆ ಕೇಂದ್ರಗಳು ಅಷ್ಟೇ ವೇಗದಿಂದ ತುಂಬಬೇಕು. ಕಲ್ಲಿದ್ದಲಿನ ಕೇಂದ್ರವನ್ನು ತಣ್ಣಗಾದ ಮೇಲೆ ತಿರುಗಿ ಹೊತ್ತಿಸಿ ಪೂರ್ಣಶಕ್ತಿಗೆ ತರಬೇಕಾದರೆ ಅನೇಕ ತಾಸುಗಳು ಹಿಡಿಯುವವು. ಆದದರಿಂದ ಮಧ್ಯಾಹ್ನದಲ್ಲಿ ಅದನ್ನು ಪೂರಾ ನಿಲ್ಲಿಸದೆ ಸಣ್ಣ ಉರಿಯಲ್ಲಿ ಇಟ್ಟಿರಬೇಕಾಗುವದು.

ಮೂರನೆಯದು ಒತ್ತಡದ ತೊಡಕು. ಕೊಳವೆಯಲ್ಲಿ ನೀರಿಗೆ ಒತ್ತಡವಿರುವಂತೆ ತಂತಿಯಲ್ಲಿ ವಿದ್ಯುತ್ತಿಗೆ ವೋಲ್ಟೇಜ್ ಎಂಬ ಒತ್ತಡವುಂಟು. ಆವರ್ತನವು ಇಡೀ ಜಾಲಕ್ಕೆ ಒಂದೇ. ವೋಲ್ಟೇಜಾದರೋ ಸ್ಥಳಸ್ಥಳಕ್ಕೆ ಬೇರೆಯಾಗಿರುವದರಿಂದ ಆಯಾ ಸ್ಥಳದಲ್ಲಿಯೇ ಅದನ್ನು ಕಾಯಬೇಕು. ಉದ್ದವಾದ ತಂತಿಗಳಲ್ಲಿ ಹೊರೆ ಕಡಿಮೆಯಾದಾಗ ವೋಲ್ಟೇಜು ಮೇಲೇರುವದು. ಇದನ್ನು ಇಳಿಸುವ ಕೆಲಸವನ್ನು ಹಿಂದಿನಿಂದಲೂ ದೊಡ್ಡ ಜನರೇಟರುಗಳು ಮಾಡುತ್ತಾ ಬಂದಿವೆ.

೩. ಮೂರು ಕತ್ತಲೆಗಳು, ಮೂರು ಪಾಠಗಳು

ಮೊದಲನೆಯದು ನಮ್ಮ ದೇಶದಲ್ಲಿಯೇ ನಡೆಯಿತು. ೨೦೧೨ನೆಯ ಇಸವಿ ಜುಲೈ ೩೦ರಂದು ಬೆಳಗಿನ ಜಾವ ಎರಡೂವರೆ ಗಂಟೆಯ ಹೊತ್ತಿಗೆ ಉತ್ತರ ಭಾರತದ ಜಾಲವು ಕುಸಿಯಿತು. ಅದನ್ನು ಎಬ್ಬಿಸಿ ನಿಲ್ಲಿಸಿದ ಮರುದಿನವೇ, ಜುಲೈ ೩೧ರ ಮಧ್ಯಾಹ್ನ ಒಂದು ಗಂಟೆಗೆ, ಉತ್ತರ, ಪೂರ್ವ, ಈಶಾನ್ಯ ಈ ಮೂರು ಜಾಲಗಳೂ ಒಟ್ಟಿಗೆ ಬಿದ್ದವು. ಸುಮಾರು ೬೦ ಕೋಟಿ ಜನರು ವಾಸಿಸುವ ಪ್ರದೇಶಕ್ಕೆ ವಿದ್ಯುತ್ತಿಲ್ಲದೆ ಹೋಯಿತು. ರೈಲುಗಳು ನಡುದಾರಿಯಲ್ಲಿ ನಿಂತವು. ಪೂರ್ವದ ಕಲ್ಲಿದ್ದಲ ಗಣಿಗಳಲ್ಲಿ ನೂರಾರು ಕೆಲಸಗಾರರು ಒಳಗೇ ಸಿಕ್ಕಿಕೊಂಡು ತರುವಾಯ ಸುರಕ್ಷಿತವಾಗಿ ಹೊರಗೆ ಬಂದರು. ಇದಕ್ಕೆ ಸೂರ್ಯನಾಗಲಿ ಗಾಳಿಯಾಗಲಿ ಕಾರಣವಲ್ಲ. ಕೆಲವು ಮುಖ್ಯ ತಂತಿಗಳು ಮೊದಲೇ ಕೆಲಸದಿಂದ ಹೊರಗಿದ್ದವು. ಉಳಿದವುಗಳ ಮೇಲೆ ವಿಪರೀತ ಹೊರೆ ಬಿದ್ದಿತ್ತು. ಗೊತ್ತುಮಾಡಿದ್ದಕ್ಕಿಂತ ಹೆಚ್ಚು ಶಕ್ತಿಯನ್ನು ಸೆಳೆಯಬೇಡಿರೆಂಬ ಸೂಚನೆಯು ಬೇಕಾದಷ್ಟು ಬೇಗನೆ ಪಾಲನೆಯಾಗಲಿಲ್ಲ. ಕಡೆಗೆ ಬೀನಾ ಮತ್ತು ಗ್ವಾಲಿಯರುಗಳ ನಡುವಣ ತಂತಿಯು ಕಡಿದುಕೊಂಡದ್ದೇ ನೆವವಾಯಿತು. ಶಿಸ್ತು ಇಲ್ಲದಿದ್ದರೆ ಹಳೆಯ ಬಗೆಯ ಕೇಂದ್ರಗಳಿಂದ ಕೂಡಿದ ಜಾಲವೂ ಬೀಳುವದೆಂಬದು ಇದರ ಪಾಠ.

ಎರಡನೆಯದು ಆಸ್ಟ್ರೇಲಿಯ ಖಂಡದ್ದು. ೨೦೧೬ನೆಯ ಇಸವಿ ಸೆಪ್ಟೆಂಬರ್ ೨೮ರಂದು ದಕ್ಷಿಣ ಆಸ್ಟ್ರೇಲಿಯದಲ್ಲಿ ಸುಂಟರಗಾಳಿಯೆದ್ದು ದೊಡ್ಡ ತಂತಿಗಳ ಕಂಬಗಳನ್ನು ಕೆಡವಿತು. ತಂತಿಗಳು ಭೂಮಿಗೆ ತಾಕಿದಾಗಲೆಲ್ಲಾ ಜಾಲದ ವೋಲ್ಟೇಜು ಕ್ಷಣಮಾತ್ರ ಕುಗ್ಗುತ್ತಿತ್ತು. ಅಲ್ಲಿಯ ಕೆಲವು ಗಾಳಿಯಂತ್ರಗಳಲ್ಲಿ, ಕೊಂಚ ಹೊತ್ತಿನೊಳಗೆ ಇಂಥ ಕುಗ್ಗು ಇಷ್ಟು ಸಾರಿಗಿಂತ ಹೆಚ್ಚು ಬಂದರೆ ದುಡಿಮೆಯನ್ನು ಇಳಿಸತಕ್ಕದ್ದೆಂದು ಒಳಗೆ ಒಂದು ಕಟ್ಟಳೆಯನ್ನು ಬರೆದಿಟ್ಟಿದ್ದರು. ಜಾಲವನ್ನು ನಡೆಸುವವರಿಗೆ ಇದು ತಿಳಿದಿರಲಿಲ್ಲ. ಏಳು ಸೆಕೆಂಡುಗಳೊಳಗಾಗಿ ೪೫೬ ಮೆಗಾವಾಟ್ ಕಡಿಮೆಯಾಯಿತು. ಆ ಕೊರತೆಯೆಲ್ಲವೂ ನೆರೆರಾಜ್ಯದಿಂದ ಬರುವ ಒಂದೇ ತಂತಿಮಾರ್ಗದ ಮೇಲೆ ಬಿತ್ತು. ಅದು ತಾಳಲಾರದೆ ಕಡಿದುಕೊಂಡಿತು. ಇಡೀ ರಾಜ್ಯವು ಕತ್ತಲಾಯಿತು. ಆ ದಿನ ಅಲ್ಲಿ ಗಾಳಿಗೆ ಕೊರತೆಯಿರಲಿಲ್ಲ. ಯಂತ್ರದೊಳಗಿನ ಒಂದು ಕಟ್ಟಳೆಯು ಯಾರ ಕಣ್ಣಿಗೂ ಬೀಳದೆ ಉಳಿದದ್ದೇ ಕೊರತೆ. ತರುವಾಯ ಆ ಕಟ್ಟಳೆಯನ್ನು ತಿದ್ದಿದರು. ೨೦೧೭ರಲ್ಲಿ ಹಾರ್ನ್ಸ್‌ಡೇಲ್ ಎಂಬಲ್ಲಿ ೧೦೦ ಮೆಗಾವಾಟಿನ ದೊಡ್ಡ ಬ್ಯಾಟರಿಯನ್ನು ಕೂಡಿಸಿದರು. ೨೦೨೧ರ ಹೊತ್ತಿಗೆ ಸಿಂಕ್ರೊನಸ್ ಕಂಡೆನ್ಸರುಗಳೆಂಬ ನಾಲ್ಕು ಯಂತ್ರಗಳನ್ನು ಅಲ್ಲಿ ನಿಲ್ಲಿಸಿದರು. ಇವು ಇಂಧನವನ್ನು ಸುಡದೆ ಜಾಲದೊಡನೆ ಸುಮ್ಮನೆ ತಿರುಗುತ್ತಾ ಬೀಸುವ ಕಲ್ಲಿನ ಭಾರವನ್ನು ಒದಗಿಸತಕ್ಕವುಗಳು.

ಮೂರನೆಯದು ತೀರ ಈಚಿನದು. ೨೦೨೫ನೆಯ ಇಸವಿ ಏಪ್ರಿಲ್ ೨೮ರಂದು ಮಧ್ಯಾಹ್ನ ೧೨ ಗಂಟೆ ೩೩ ನಿಮಿಷಕ್ಕೆ ಸ್ಪೇನ್ ಮತ್ತು ಪೋರ್ಚುಗಲ್ ದೇಶಗಳು ಒಟ್ಟಿಗೆ ವಿದ್ಯುತ್ತನ್ನು ಕಳಕೊಂಡವು. ೫ ಕೋಟಿಗೂ ಮಿಕ್ಕ ಜನರಿಗೆ ಈ ತೊಂದರೆ ತಟ್ಟಿತು. ಆ ಹೊತ್ತಿನಲ್ಲಿ ಸ್ಪೇನಿನ ಶಕ್ತಿಯಲ್ಲಿ ಅರ್ಧಕ್ಕಿಂತ ಹೆಚ್ಚು ಸೂರ್ಯನಿಂದ ಬರುತ್ತಿತ್ತು. ಆದದರಿಂದ ಸೌರಶಕ್ತಿಯೇ ಅಪರಾಧಿಯೆಂದು ಕೆಲವರು ಕೂಡಲೇ ಹೇಳಿದರು. ತಜ್ಞರು ವಿಚಾರಿಸಿದಾಗ ಕಂಡುಬಂದದ್ದೇನಂದರೆ, ಅಲ್ಲಿ ಶಕ್ತಿಯ ಕೊರತೆಯಿಂದ ಕುಸಿತವು ಆರಂಭವಾಗಲಿಲ್ಲ. ವೋಲ್ಟೇಜು ಮಿತಿಮೀರಿ ಏರಿದ್ದರಿಂದ ಆರಂಭವಾಯಿತು. ಅದಕ್ಕೆ ಮುಂಚೆ ಅರ್ಧ ತಾಸಿನೊಳಗೆ ಜಾಲದಲ್ಲಿ ಎರಡು ಸಾರಿ ತೂಗಾಟ ಕಂಡಿತ್ತು. ಅದನ್ನು ಶಮನಮಾಡಲು ಕೈಕೊಂಡ ಉಪಾಯಗಳಿಂದ ತೂಗಾಟವು ನಿಂತರೂ ವೋಲ್ಟೇಜು ಮೇಲೇರುವದಕ್ಕೆ ಎಡೆಯಾಯಿತು. ಅದನ್ನು ಇಳಿಸಬೇಕಾಗಿದ್ದ ಹಳೆಯ ಬಗೆಯ ಕೇಂದ್ರಗಳಲ್ಲಿ ಕೆಲವು ನಿರೀಕ್ಷಿಸಿದಷ್ಟು ಕೆಲಸ ಮಾಡಲಿಲ್ಲ. ಹೊಸ ಸೌರಕೇಂದ್ರಗಳಿಗೆ ಆ ಕೆಲಸವನ್ನು ನಿಯಮವೇ ಒಪ್ಪಿಸಿರಲಿಲ್ಲ. ಒಂದೊಂದೇ ಕೇಂದ್ರವು ತನ್ನನ್ನು ಕಾಪಾಡಿಕೊಳ್ಳುವದಕ್ಕೆ ಕಡಿದುಕೊಂಡಂತೆಲ್ಲಾ ವೋಲ್ಟೇಜು ಇನ್ನೂ ಏರಿತು. ಕೆಲವು ಸೆಕೆಂಡುಗಳಲ್ಲಿ ಎಲ್ಲವೂ ಮುಗಿಯಿತು. ಫ್ರಾನ್ಸ್ ಮತ್ತು ಮೊರಾಕೊ ದೇಶಗಳ ಸಹಾಯದಿಂದಲೂ ತಮ್ಮ ಜಲವಿದ್ಯುತ್ ಕೇಂದ್ರಗಳಿಂದಲೂ ಅವರು ಜಾಲವನ್ನು ಎಬ್ಬಿಸಿದರು. ಮರುದಿನ ನಸುಕಿನೊಳಗೆ ದೊಡ್ಡ ತಂತಿಗಳೆಲ್ಲಾ ತಿರುಗಿ ಜೀವಗೊಂಡವು.

ಈ ಮೂರನ್ನೂ ಕೂಡಿಸಿ ನೋಡಿದರೆ ನಮ್ಮ ಪ್ರಶ್ನೆಗೆ ಉತ್ತರವು ತೋರುವದು. ಸೂರ್ಯನೂ ಗಾಳಿಯೂ ತಾವಾಗಿ ಕತ್ತಲೆಯನ್ನು ತರುವವುಗಳಲ್ಲ. ಆದರೆ ದೊಡ್ಡ ಯಂತ್ರಗಳು ಹಿಂದೆ ಸದ್ದಿಲ್ಲದೆ ಮಾಡುತ್ತಿದ್ದ ಕೆಲಸಗಳು ಅನೇಕವಿದ್ದವು. ಆ ಯಂತ್ರಗಳನ್ನು ನಿಲ್ಲಿಸಿ, ಆ ಕೆಲಸಗಳನ್ನು ಬೇರೆ ಯಾರಿಗೂ ಒಪ್ಪಿಸದೆ ಬಿಟ್ಟರೆ ಅಪಾಯವುಂಟು. ಮನೆಯ ಹಿರಿಯಳು ಊರಿಗೆ ಹೋದಾಗ ಅವಳ ಕೆಲಸಗಳನ್ನೆಲ್ಲಾ ಲೆಕ್ಕಹಾಕಿ ಹಂಚಿಕೊಳ್ಳದಿದ್ದರೆ ಹೇಗೋ ಹಾಗೆಯೇ ಇದು.

೪. ಕಾವಲಿನ ಉಪಾಯಗಳು

ಮೊದಲನೆಯ ಉಪಾಯವು ಮುನ್ನೆಣಿಕೆ. ನಾಳೆ ಎಷ್ಟು ಬಿಸಿಲು, ಎಷ್ಟು ಗಾಳಿ ಎಂಬದನ್ನು ಮೊದಲೇ ಎಣಿಸಿ ಉಳಿದ ಕೇಂದ್ರಗಳನ್ನು ಸಿದ್ಧಗೊಳಿಸಬೇಕು. ಈ ಕೆಲಸಕ್ಕೆಂದೇ ಬೆಂಗಳೂರು ಮೊದಲಾದ ಊರುಗಳಲ್ಲಿ ಪ್ರತ್ಯೇಕ ಕೇಂದ್ರಗಳಿವೆ. ೨೦೧೯ನೆಯ ಇಸವಿ ಡಿಸೆಂಬರ್ ೨೬ರಂದು ಮಂಗಳೂರಿನಲ್ಲಿ ಕಂಕಣ ಸೂರ್ಯಗ್ರಹಣವು ಕಂಡಾಗ ದಕ್ಷಿಣ ಭಾರತದ ಸೌರಶಕ್ತಿಯು ಬೆಳಿಗ್ಗೆ ಕುಗ್ಗಿ ಮತ್ತೆ ಏರಿತು. ಮೊದಲೇ ತಿಳಿದಿದ್ದ ಸಂಗತಿಯಾದದರಿಂದ ಜಾಲವು ಅಲುಗಲಿಲ್ಲ. ಗ್ರಹಣಕ್ಕಿಂತ ಮೋಡವು ಕಷ್ಟ. ಯಾಕಂದರೆ ಅದಕ್ಕೆ ಪಂಚಾಂಗವಿಲ್ಲ.

ಎರಡನೆಯದು ಮೀಸಲು ಶಕ್ತಿ. ಕೆಲವು ಕೇಂದ್ರಗಳನ್ನು ಪೂರ್ಣವಾಗಿ ದುಡಿಸದೆ ಸ್ವಲ್ಪ ಬಲವನ್ನು ಉಳಿಸಿಟ್ಟಿರಬೇಕು. ಇದು ಮೂರು ಸಾಲಿನ ಕಾವಲಿನಂತೆ. ಮೊದಲನೆಯ ಸಾಲು ಸೆಕೆಂಡುಗಳಲ್ಲಿ ತಾನಾಗಿ ಏಳುವದು. ಎರಡನೆಯದು ಕೆಲವು ನಿಮಿಷಗಳಲ್ಲಿ ಕೇಂದ್ರದ ಅಪ್ಪಣೆಯಿಂದ ಬಂದು ಮೊದಲನೆಯದನ್ನು ಬಿಡುಗಡೆಮಾಡುವದು. ಮೂರನೆಯದು ಅದಕ್ಕೂ ನಿಧಾನವಾಗಿ ಬಂದು ಬಹಳ ಹೊತ್ತು ನಿಲ್ಲುವದು. ಸುಮ್ಮನಿರುವ ಕಾವಲುಗಾರನಿಗೂ ಸಂಬಳ ಕೊಡಬೇಕಷ್ಟೆ. ಈ ಖರ್ಚನ್ನು ದಂಡವೆಂದು ಎಣಿಸುವವರು ಕತ್ತಲೆಯ ಖರ್ಚನ್ನು ಲೆಕ್ಕಹಾಕಿದವರಲ್ಲ.

ಮೂರನೆಯದು ಕೂಡಿಡುವಿಕೆ. ವಿದ್ಯುತ್ತನ್ನು ಹಾಗೆಯೇ ಕೂಡಿಡಲಾಗದಿದ್ದರೂ ಬೇರೆ ರೂಪಕ್ಕೆ ತಿರುಗಿಸಿ ಇಡಬಹುದು. ಮಧ್ಯಾಹ್ನದ ಮಿಕ್ಕ ಶಕ್ತಿಯಿಂದ ಕೆಳಗಿನ ಕೆರೆಯ ನೀರನ್ನು ಮೇಲಿನ ಕೆರೆಗೆ ಏರಿಸಿ, ಸಂಜೆಗೆ ಅದನ್ನು ಇಳಿಸಿ ಯಂತ್ರವನ್ನು ತಿರುಗಿಸುವದು ಒಂದು ಬಗೆ. ತಮಿಳುನಾಡಿನ ಕಾಡಂಪಾರೈಯಲ್ಲಿ ೪೦೦ ಮೆಗಾವಾಟಿನ, ಬಂಗಾಳದ ಪುರುಲಿಯಾದಲ್ಲಿ ೯೦೦ ಮೆಗಾವಾಟಿನ ಇಂಥ ಕೇಂದ್ರಗಳುಂಟು. ನೂರು ಪಾಲು ವ್ಯಯಮಾಡಿದರೆ ಎಪ್ಪತ್ತೈದರಿಂದ ಎಂಬತ್ತು ಪಾಲು ಮರಳಿ ಬರುವದು. ಬ್ಯಾಟರಿಯು ಇನ್ನೊಂದು ಬಗೆ. ಅದರ ವಿಶೇಷ ಗುಣವೇನಂದರೆ, ಒಂದು ಸೆಕೆಂಡಿಗಿಂತ ಕಡಿಮೆ ಹೊತ್ತಿನಲ್ಲಿ ಅದು ಎಚ್ಚತ್ತು ದುಡಿಯಬಲ್ಲದು.

ನಾಲ್ಕನೆಯದು ಇನ್‌ವರ್ಟರುಗಳಿಗೇ ಹೊಸ ವಿದ್ಯೆಯನ್ನು ಕಲಿಸುವದು. ತಾಳವನ್ನು ಹಿಂಬಾಲಿಸುವದಷ್ಟೇ ಅಲ್ಲದೆ ತಾನೇ ತಾಳವನ್ನು ಹಿಡಿಯಬಲ್ಲ ಇನ್‌ವರ್ಟರುಗಳು ಈಗ ಬಳಕೆಗೆ ಬರುತ್ತಿವೆ. ಅವು ಬ್ಯಾಟರಿಯೊಡನೆ ಕೂಡಿ ಬೀಸುವ ಕಲ್ಲಿನ ಕೆಲಸವನ್ನು ಬಹುಮಟ್ಟಿಗೆ ಮಾಡಬಲ್ಲವು. ವೋಲ್ಟೇಜನ್ನು ಕಾಯುವ ಕೆಲಸವನ್ನೂ ಅವುಗಳಿಗೆ ಒಪ್ಪಿಸಬಹುದು. ಕುಸಿತವಾದ ವರುಷದಲ್ಲಿಯೇ ಸ್ಪೇನ್ ದೇಶವು ತನ್ನ ನಿಯಮವನ್ನು ಈ ಪ್ರಕಾರ ತಿದ್ದುವದಕ್ಕೆ ತೊಡಗಿತು.

ಐದನೆಯದು ವಿಶಾಲವಾದ ಜಾಲ. ಒಂದು ಕಡೆ ಮೋಡವಿದ್ದರೆ ಇನ್ನೊಂದು ಕಡೆ ಬಿಸಿಲಿರುವದು. ಒಂದು ಕಡೆ ಗಾಳಿ ನಿಂತರೆ ಇನ್ನೊಂದು ಕಡೆ ಬೀಸುವದು. ೨೦೧೩ನೆಯ ಇಸವಿ ಡಿಸೆಂಬರ್ ೩೧ರಂದು ನಮ್ಮ ರಾಯಚೂರಿನಿಂದ ಸೊಲ್ಲಾಪುರಕ್ಕೆ ಎಳೆದ ೭೬೫ ಕಿಲೋವೋಲ್ಟಿನ ತಂತಿಯ ಮೂಲಕ ದಕ್ಷಿಣದ ಜಾಲವು ದೇಶದ ಉಳಿದ ಜಾಲದೊಡನೆ ಒಂದೇ ತಾಳಕ್ಕೆ ಸೇರಿತು. ಅಂದಿನಿಂದ ಇಡೀ ಭಾರತಕ್ಕೆ ಒಂದೇ ಜಾಲ. ೨೦೧೨ರ ಕುಸಿತದಲ್ಲಿ ದಕ್ಷಿಣವು ಬೇರೆಯಾಗಿದ್ದದರಿಂದಲೇ ಉಳಿದುಕೊಂಡಿತೆಂಬದೂ ನಿಜವೇ. ಕೂಡಿದವರಿಗೆ ಸಹಾಯವೂ ಹೆಚ್ಚು, ಒಬ್ಬರ ತಪ್ಪು ಇನ್ನೊಬ್ಬರನ್ನು ತಟ್ಟುವ ಭಯವೂ ಹೆಚ್ಚು. ಆದದರಿಂದ ಆವರ್ತನವು ತೀರ ಇಳಿದಾಗ ಕೆಲವು ಭಾಗಗಳ ಬಳಕೆಯನ್ನು ತಾನಾಗಿ ಕಡಿದು ಉಳಿದದ್ದನ್ನು ಉಳಿಸುವ ಏರ್ಪಾಡನ್ನು ಇಟ್ಟಿರುವರು.

ಈ ಉಪಾಯಗಳು ಕೂಡಿ ಕೆಲಸಮಾಡಿದ್ದಕ್ಕೆ ೨೦೨೦ನೆಯ ಇಸವಿ ಏಪ್ರಿಲ್ ೫ ಒಳ್ಳೆಯ ದೃಷ್ಟಾಂತ. ಆ ರಾತ್ರಿ ೯ ಗಂಟೆಗೆ ದೇಶದವರೆಲ್ಲರೂ ೯ ನಿಮಿಷ ದೀಪಗಳನ್ನು ಆರಿಸಬೇಕೆಂದು ಕರೆಯಾಗಿತ್ತು. ಬೇಡಿಕೆಯು ಕೆಲವೇ ನಿಮಿಷಗಳಲ್ಲಿ ಸುಮಾರು ೩೧,೦೦೦ ಮೆಗಾವಾಟಿನಷ್ಟು ಇಳಿದು, ತಿರುಗಿ ಏರಿತು. ಕಾವಲುಗಾರರು ಮೊದಲೇ ಜಲವಿದ್ಯುತ್ ಕೇಂದ್ರಗಳನ್ನು ಹೆಚ್ಚಾಗಿ ದುಡಿಸಿಟ್ಟು, ಆ ಹೊತ್ತಿಗೆ ಅವುಗಳನ್ನು ಸುಮಾರು ೧೭,೫೦೦ ಮೆಗಾವಾಟಿನಷ್ಟು ಇಳಿಸಿದರು. ಆವರ್ತನವು ಸ್ವಲ್ಪ ಏರಿಳಿದರೂ ಜಾಲವು ಬೀಳಲಿಲ್ಲ.

೫. ನಮ್ಮ ನಾಡಿನ ಮಾತು

ಕನ್ನಡನಾಡಿಗೆ ಈ ಪ್ರಶ್ನೆಯು ಹೊಸದಲ್ಲ. ೧೯೦೨ರಲ್ಲಿ ಶಿವನಸಮುದ್ರದಿಂದ ೯೨ ಮೈಲು ದೂರದ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ತು ಹರಿಯಿತು. ೧೯೦೫ರಲ್ಲಿ ಬೆಂಗಳೂರಿನ ಬೀದಿಗಳು ಬೆಳಗಿದವು. ಆದರೆ ಬೇಸಿಗೆಯಲ್ಲಿ ಕಾವೇರಿಯ ನೀರು ತಗ್ಗಿದಾಗ ಯಂತ್ರಗಳ ಬಲವೂ ತಗ್ಗುತ್ತಿತ್ತು. ೧೯೧೧ರಲ್ಲಿ ಆರಂಭವಾದ ಕೃಷ್ಣರಾಜಸಾಗರದ ಕಟ್ಟೆಯ ಉದ್ದೇಶಗಳಲ್ಲಿ ನೀರಾವರಿಯೊಂದೇ ಅಲ್ಲದೆ, ಶಿವನಸಮುದ್ರಕ್ಕೆ ವರುಷವಿಡೀ ಸಮವಾಗಿ ನೀರೊದಗಿಸುವದೂ ಒಂದಾಗಿತ್ತು. ಏರಿಳಿಯುವ ಶಕ್ತಿಮೂಲವನ್ನು ಕೂಡಿಡುವಿಕೆಯಿಂದ ಹದಕ್ಕೆ ತರುವ ಪಾಠವನ್ನು ನಮ್ಮ ಹಿರಿಯರು ನೂರು ವರುಷಗಳ ಹಿಂದೆಯೇ ಕಲಿತಿದ್ದರು.

ಈಗ ತುಮಕೂರು ಜಿಲ್ಲೆಯ ಪಾವಗಡದಲ್ಲಿ ರೈತರಿಂದ ಗುತ್ತಿಗೆಗೆ ಪಡೆದ ಸುಮಾರು ೧೩,೦೦೦ ಎಕರೆ ಬರಡು ಭೂಮಿಯಲ್ಲಿ ೨,೦೫೦ ಮೆಗಾವಾಟಿನ ಸೌರಕೇಂದ್ರವಿದೆ. ಚಿತ್ರದುರ್ಗ ಗದಗ ಸೀಮೆಗಳ ಗುಡ್ಡಗಳಲ್ಲಿ ಗಾಳಿಯಂತ್ರಗಳು ತಿರುಗುತ್ತಿವೆ. ಸಂಜೆಯ ಕಂದರವನ್ನು ತುಂಬುವದಕ್ಕೆ ೧,೦೩೫ ಮೆಗಾವಾಟಿನ ಶರಾವತಿ ಕೇಂದ್ರವು ಬಹು ಉಪಯುಕ್ತ. ನೀರಿನ ಬಾಯನ್ನು ತೆರೆದ ಕೆಲವು ನಿಮಿಷಗಳಲ್ಲಿ ಅದು ದುಡಿಯಬಲ್ಲದು. ಆದರೆ ಆ ಕಾವಲುಗಾರನ ಊಟವು ಮಳೆಯ ಕೈಯಲ್ಲಿದೆ. ೨೦೨೩ರಲ್ಲಿ ಮಳೆ ತಪ್ಪಿ ರಾಜ್ಯದ ಬಹುಪಾಲು ತಾಲೂಕುಗಳು ಬರಪೀಡಿತವಾದಾಗ ಜಲಾಶಯಗಳು ತಗ್ಗಿದವು. ಮಳೆಯಿಲ್ಲದ್ದರಿಂದಲೇ ರೈತರ ಪಂಪುಗಳು ಹೆಚ್ಚಾಗಿ ಓಡಬೇಕಾಯಿತು. ಆ ಅಕ್ಟೋಬರಿನಲ್ಲಿ ಹಳ್ಳಿಗಳು ವಿದ್ಯುತ್ತಿನ ಕೊರತೆಯನ್ನು ಅನುಭವಿಸಿದವು.

ಶರಾವತಿ ಕಣಿವೆಯಲ್ಲಿಯೇ ೨,೦೦೦ ಮೆಗಾವಾಟಿನ, ನೀರನ್ನು ಏರಿಸಿ ಇಳಿಸುವ ಕೇಂದ್ರವೊಂದನ್ನು ಕಟ್ಟುವ ಯೋಜನೆ ಬಂದಾಗ, ಸಿಂಗಳೀಕಗಳಿಗೆ ಆಶ್ರಯವಾದ ಕಾಡು ನಾಶವಾಗುವದೆಂದು ಅಲ್ಲಿಯವರು ಆಕ್ಷೇಪಿಸಿದರು. ಹೊಗೆಯಿಲ್ಲದ ಶಕ್ತಿಗೂ ಬೆಲೆಯುಂಟು. ಆ ಬೆಲೆಯನ್ನು ಯಾರು ಕೊಡುವರೆಂಬದನ್ನು ಕೇಳದೆ ಒಪ್ಪುವದಾಗಲಿ, ಕತ್ತಲೆಯ ಕಷ್ಟವನ್ನು ನೆನಸದೆ ನಿರಾಕರಿಸುವದಾಗಲಿ ವಿವೇಕವಲ್ಲ.

೬. ಮನೆಯವರು ಅರಿಯತಕ್ಕದ್ದು

ಇದೆಲ್ಲವೂ ಇಂಜಿನಿಯರುಗಳ ಕೆಲಸ, ನಮಗೇನು ಎಂದು ಯಾರೂ ತಿಳಿಯಬಾರದು. ಜಾಲದ ಸಮತೂಕದಲ್ಲಿ ಒಂದು ತಟ್ಟೆಯು ಅವರ ಕೈಯಲ್ಲಿದ್ದರೆ ಇನ್ನೊಂದು ನಮ್ಮ ಕೈಯಲ್ಲಿದೆ.

ನೀರೇರಿಸುವದು, ಬಟ್ಟೆಯೊಗೆಯುವದು, ವಿದ್ಯುತ್ ವಾಹನಕ್ಕೆ ಶಕ್ತಿ ತುಂಬುವದು ಮೊದಲಾದ, ಹೊತ್ತನ್ನು ಬದಲಿಸಬಹುದಾದ ಕೆಲಸಗಳನ್ನು ಬಿಸಿಲಿರುವಾಗ ಮಾಡಿದರೆ ಸಂಜೆಯ ಹೊರೆ ಅಷ್ಟು ಕಡಿಮೆಯಾಗುವದು. ವಿದ್ಯುತ್ತು ಹೋದಾಗ ಭಾರವಾದ ಯಂತ್ರಗಳ ಗುಂಡಿಗಳನ್ನು ಆರಿಸಿಡಿರಿ. ಶಕ್ತಿಯು ಮರಳಿದ ಕ್ಷಣದಲ್ಲಿ ಊರಿನ ತಣ್ಣನೆಯ ಪೆಟ್ಟಿಗೆಗಳೂ ಪಂಪುಗಳೂ ಬ್ಯಾಟರಿಗಳೂ ಒಟ್ಟಿಗೆ ಸೆಳೆದರೆ ಆಗತಾನೇ ಎದ್ದ ಜಾಲವು ತಿರುಗಿ ಬೀಳಬಹುದು.

ಮಾಳಿಗೆಯ ಮೇಲೆ ಸೌರಫಲಕವಿದ್ದರೂ ವಿದ್ಯುತ್ತು ಹೋದಾಗ ನಮ್ಮ ಮನೆಯಲ್ಲಿಯೂ ಕತ್ತಲೆಯೇಕೆಂದು ಅನೇಕರು ಕೇಳುವರು. ಬ್ಯಾಟರಿಯಿಲ್ಲದೆ ಜಾಲಕ್ಕೆ ಜೋಡಿಸಿದ ಇನ್‌ವರ್ಟರು ಆಗ ಬೇಕೆಂತಲೇ ನಿಂತುಹೋಗುವದು. ಹಾಗಿಲ್ಲದಿದ್ದರೆ ಸತ್ತದ್ದೆಂದು ತಿಳಿದು ತಂತಿಯನ್ನು ಮುಟ್ಟಿದ ಕೆಲಸಗಾರನಿಗೆ ನಮ್ಮ ಮಾಳಿಗೆಯ ವಿದ್ಯುತ್ತು ಹರಿದು ಪ್ರಾಣಹಾನಿಯಾದೀತು. ಇದೇ ಕಾರಣದಿಂದ, ತಂತಿಯನ್ನು ಬೇರ್ಪಡಿಸುವ ಸ್ವಿಚ್ಚಿಲ್ಲದೆ ಮನೆಯ ಡೀಸೆಲ್ ಜನರೇಟರನ್ನು ಎಂದಿಗೂ ಜೋಡಿಸಬಾರದು. ಮನೆಯಲ್ಲಿ ಯಂತ್ರದ ಸಹಾಯದಿಂದ ಉಸಿರಾಡುವ ರೋಗಿಯಿದ್ದರೆ, ಕೆಲವು ತಾಸುಗಳಿಗೆ ಸಾಲುವ ಬದಲಿ ಏರ್ಪಾಡನ್ನು ಇಂದೇ ಮಾಡಿಡತಕ್ಕದ್ದು. ಕತ್ತಲೆಯಾದ ಮೇಲೆ ಹುಡುಕತಕ್ಕದ್ದಲ್ಲ.

ಹುಡುಗಿಯರಿಗೆ ಗಣಿತವೂ ಭೌತಶಾಸ್ತ್ರವೂ ಏತಕ್ಕೆಂದು ಕೇಳುವ ತಂದೆತಾಯಿಗಳು ಈಗಲೂ ಅಲ್ಲಲ್ಲಿ ಉಂಟು. ಮೇಲೆ ಹೇಳಿದ ಕಾವಲು ಕೇಂದ್ರಗಳಲ್ಲಿ ಬೇಕಾದದ್ದು 'ಎಚ್ಚರ, ಲೆಕ್ಕ, ತಾಳ್ಮೆ' ಈ ಮೂರು ಗುಣಗಳು. ಇವು ನಮ್ಮ ಹೆಣ್ಣುಮಕ್ಕಳಲ್ಲಿ ಕಡಿಮೆಯೆಂದು ಯಾರೂ ಹೇಳಲಾರರು. ಅವರನ್ನು ಓದಿಸಿರೆಂದು ಮಾತ್ರ ನಾವು ಕೇಳಿಕೊಳ್ಳುತ್ತೇವೆ.

ಮನೆಯಲ್ಲಿ ಕೂತು ವಿಚಾರಿಸತಕ್ಕ ಪ್ರಶ್ನೆಗಳು

೧. ಆವರ್ತನವು ೫೦ರಿಂದ ೪೯.೮ಕ್ಕೆ ಇಳಿದರೆ ಜಾಲದಲ್ಲಿ ಏನು ನಡೆದಿದೆಯೆಂದು ತಿಳಿಯಬೇಕು?
೨. ೨೦೧೬ರ ಮತ್ತು ೨೦೨೫ರ ಕುಸಿತಗಳು ಆರಂಭವಾದ ರೀತಿಯಲ್ಲಿ ಭೇದವೇನು? ಅವುಗಳಿಗೆ ಸಮಾನವಾದ ತಪ್ಪು ಯಾವದು?
೩. ಬ್ಯಾಟರಿಯು ಯಾವ ಕೆಲಸವನ್ನು ನೀರಿನ ಕೇಂದ್ರಕ್ಕಿಂತ ಚೆನ್ನಾಗಿ ಮಾಡುವದು?
೪. ನಿಮ್ಮ ಮನೆಯ ಯಾವ ಯಾವ ಕೆಲಸಗಳನ್ನು ಸಂಜೆಯಿಂದ ಮಧ್ಯಾಹ್ನಕ್ಕೆ ಬದಲಿಸಬಹುದು? ಪಟ್ಟಿಮಾಡಿರಿ, ಮುಂದಿನ ತಿಂಗಳಲ್ಲಿ ಅವುಗಳಲ್ಲಿ ಒಂದನ್ನಾದರೂ ಬದಲಿಸಿ ನೋಡಿರಿ.